ನರಗಳಲ್ಲಿ ಓಡುವುದು ತಂತಿಯ ವಿದ್ಯುತ್ತೇ?

ಜೀವಶಾಸ್ತ್ರ ಕಲಿಸುವ ನನ್ನನ್ನು ವಿದ್ಯಾರ್ಥಿಗಳೂ ಅವರ ಹಿರಿಯರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು: ನಮ್ಮ ನರಗಳಲ್ಲಿ ಓಡುವುದು ತಂತಿಯಲ್ಲಿ ಹರಿಯುವಂಥ ವಿದ್ಯುತ್ತೇ? ವಿದ್ಯುತ್ತು ಹೌದು, ಆದರೆ ತಂತಿಯಲ್ಲಿ ಹರಿಯುವ ಬಗೆಯದಲ್ಲ ಎಂಬುದು ನನ್ನ ಉತ್ತರ. ಈ ವ್ಯತ್ಯಾಸ ಮನದಟ್ಟಾದರೆ, ನರಮಂಡಲಕ್ಕೆ ಇಷ್ಟೊಂದು ಬಗೆಯ ಜೀವಕೋಶಗಳು ಏಕೆ ಬೇಕು ಎಂಬುದೂ ತಿಳಿಯುತ್ತದೆ.

ತಂತಿಯಲ್ಲಿ ಎಲೆಕ್ಟ್ರಾನುಗಳು ಉದ್ದಕ್ಕೆ ಸಾಗುತ್ತವೆ. ನರಕೋಶದಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು, ಅಂದರೆ ವಿದ್ಯುದಾವೇಶವುಳ್ಳ ಕಣಗಳು, ಪೊರೆಯನ್ನು ಅಡ್ಡಲಾಗಿ ದಾಟುತ್ತವೆ. ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್ ಋಣಾತ್ಮಕವಾಗಿರುತ್ತದೆ. ಡೆಂಡ್ರೈಟ್ ಎಂಬ ಕವಲುಗಳ ಮೂಲಕ ಬಂದ ಪ್ರಚೋದನೆಗಳು ಒಟ್ಟುಗೂಡಿ ಈ ಅಂತರವನ್ನು ಒಂದು ಮಿತಿಯವರೆಗೆ ತಗ್ಗಿಸಿದೊಡನೆ, ಪೊರೆಯಲ್ಲಿರುವ ಸೋಡಿಯಂ ದ್ವಾರಗಳು ತೆರೆದುಕೊಂಡು, ಸೋಡಿಯಂ ಒಳನುಗ್ಗಿ, ಆ ಜಾಗದ ಒಳಭಾಗ ಕ್ಷಣಮಾತ್ರ ಧನಾತ್ಮಕವಾಗುತ್ತದೆ. ಅದರ ಬೆನ್ನಿಗೇ ಪೊಟ್ಯಾಸಿಯಂ ಹೊರಹೋಗಿ ಮೊದಲಿನ ಸ್ಥಿತಿ ಮರಳುತ್ತದೆ. ಇಲ್ಲಿ ಆದ ಬದಲಾವಣೆ ಪಕ್ಕದ ದ್ವಾರಗಳನ್ನು ತೆರೆಸುತ್ತದೆ, ಅವು ತಮ್ಮ ಪಕ್ಕದವನ್ನು. ಹೀಗೆ ಆಕ್ಸಾನ್ ಎಂಬ ನೀಳ ಎಳೆಯ ಉದ್ದಕ್ಕೂ ಸಂಕೇತ ಹೊಸದಾಗಿ ಹುಟ್ಟುತ್ತಲೇ ಸಾಗುವುದರಿಂದ, ಬೆನ್ನುಹುರಿಯಿಂದ ಪಾದದವರೆಗೆ ಸುಮಾರು ಒಂದು ಮೀಟರ್ ಸಾಗಿದರೂ ಅದು ಸೊರಗುವುದಿಲ್ಲ. ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ 1952ರಲ್ಲಿ ಇದನ್ನು ಗಣಿತದ ಸಮೀಕರಣಗಳಲ್ಲಿ ವಿವರಿಸಿದರು. ಅವರು ಆರಿಸಿಕೊಂಡದ್ದು ಸ್ಕ್ವಿಡ್ ಎಂಬ ಕಡಲಜೀವಿಯ ಆಕ್ಸಾನನ್ನು. ಒಳಗೆ ವಿದ್ಯುದ್ವಾರವನ್ನೇ ತೂರಿಸುವಷ್ಟು ಅದು ದಪ್ಪವಾಗಿರುತ್ತದೆ. ಜೀವಶಾಸ್ತ್ರದಲ್ಲಿ ಇಷ್ಟು ಸುಂದರವಾದ ಪ್ರಯೋಗಗಳು ಕಡಿಮೆ ಎಂದೇ ನನ್ನ ಭಾವನೆ.

ಆದರೆ ಹೆಜ್ಜೆಹೆಜ್ಜೆಗೂ ಹೊಸದಾಗಿ ಹುಟ್ಟಬೇಕಾದ ಸಂಕೇತ ನಿಧಾನವಾಗುತ್ತದೆ. ಹೊದಿಕೆಯಿಲ್ಲದ ತೆಳು ಎಳೆಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದ್ದಲ್ಲಿ ಸಂಕೇತವು ಹೊದಿಕೆಯ ನಡುವಿನ ತೆರಪುಗಳಲ್ಲಿ ಮಾತ್ರ ಮರುಹುಟ್ಟು ಪಡೆಯುತ್ತದೆ. ದಪ್ಪ ಎಳೆಗಳಲ್ಲಿ ವೇಗ ಸೆಕೆಂಡಿಗೆ ನೂರು ಮೀಟರ್ ದಾಟಬಲ್ಲದು. ಕಾಲ್ಬೆರಳು ಎಡವಿದಾಗ ತಾಗಿದ್ದು ಮೊದಲು ತಿಳಿದು, ಮಂದವಾದ ನೋವು ತುಸು ತಡೆದು ಬರುವುದು ಈ ಕಾರಣದಿಂದಲೇ. ಗಮನಿಸಬೇಕಾದದ್ದೆಂದರೆ, ಈ ಹೊದಿಕೆ ನರಕೋಶದ ಸ್ವಂತ ಸೃಷ್ಟಿಯಲ್ಲ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಆಲಿಗೋಡೆಂಡ್ರೋಸೈಟ್‌ಗಳೂ ಉಳಿದ ನರಗಳಲ್ಲಿ ಶ್ವಾನ್ ಕೋಶಗಳೂ ಅದನ್ನು ಸುತ್ತುತ್ತವೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳ ಮಯಲಿನ್ ಮೇಲೆ ದಾಳಿಮಾಡುವುದರಿಂದ ಸಂಕೇತಗಳು ತಡವಾಗುತ್ತವೆ ಅಥವಾ ನಡುವೆಯೇ ನಿಂತುಹೋಗುತ್ತವೆ.

ಆಕ್ಸಾನಿನ ತುದಿಯಲ್ಲಿ ಹೋಲಿಕೆ ಪೂರ್ತಿ ಮುರಿದುಬೀಳುತ್ತದೆ. ಒಂದು ನರಕೋಶಕ್ಕೂ ಮುಂದಿನದಕ್ಕೂ ನಡುವೆ ಬಹುಪಾಲು ಕಡೆ ಸುಮಾರು 20 ನ್ಯಾನೋಮೀಟರಿನ ಬಿರುಕಿರುತ್ತದೆ. ಅದನ್ನು ದಾಟುವುದು ಗ್ಲುಟಮೇಟ್‌ನಂಥ ರಾಸಾಯನಿಕ. ಕೆಲಸ ಮುಗಿದ ಗ್ಲುಟಮೇಟನ್ನು ತೆರವುಗೊಳಿಸುವುದು ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶ. ಹಾಳಾದ ಕೋಶಗಳ ಅವಶೇಷಗಳನ್ನು ಮೈಕ್ರೋಗ್ಲಿಯಾಗಳು ನುಂಗುತ್ತವೆ.

ಮಯಲಿನ್ ಸುತ್ತುವ ಕೋಶಗಳೂ ಸೇರಿದಂತೆ ನರಕೋಶಗಳಲ್ಲದ ಇವೆಲ್ಲಕ್ಕೂ ಗ್ಲಿಯಾ, ಅಂದರೆ ಅಂಟು, ಎಂಬ ಹೆಸರಿದೆ. ಇದು ಅನ್ಯಾಯದ ಹೆಸರು. ಇವನ್ನು ‘ಆಧಾರಕೋಶಗಳು’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಪಾಠವೂ ಅಷ್ಟೇ ಅನ್ಯಾಯದ್ದು. ನರಕೋಶಗಳು ಸಂಕೇತ ಹೊಮ್ಮಿಸಿದಂತೆಲ್ಲ ಹೊರಗೆ ಶೇಖರವಾಗುವ ಪೊಟ್ಯಾಸಿಯಂ ಅನ್ನು ಆಸ್ಟ್ರೋಸೈಟ್‌ಗಳು ಹೀರಿಕೊಳ್ಳದೆ ಬಿಟ್ಟರೆ, ಆರಂಭದಲ್ಲಿ ಹೇಳಿದ ಆ 70 ಮಿಲಿವೋಲ್ಟ್ ಅಂತರವೇ ಕುಗ್ಗಿ, ನರಕೋಶಗಳು ಸಣ್ಣ ಪ್ರಚೋದನೆಗೂ ಸಂಕೇತ ಹೊಮ್ಮಿಸತೊಡಗುತ್ತವೆ.