ಹೆಜ್ಜಾರ್ಲೆ ದ್ವೀಪಕ್ಕೆ ರೂಸ್‌ವೆಲ್ಟ್: ತಾಲೀಮಿನ ಟಿಪ್ಪಣಿ

ಜನವರಿ, ಎರಡನೆಯ ವಾರ

ರೂಸ್‌ವೆಲ್ಟ್ ವೇಷಕ್ಕೆ ಬೇಕಾದ, ಮೂಗು ಕಚ್ಚುವ ಕನ್ನಡಕ ಕೊನೆಗೂ ಕೈಸೇರಿತು. ಇದಕ್ಕೆ ಕಿವಿಯ ಕಡ್ಡಿಯಿಲ್ಲ, ಮೂಗಿನ ಮೇಲೆ ಸ್ಪ್ರಿಂಗಿನ ಹಿಡಿತ ಮಾತ್ರ. ನಕ್ಕರೆ ಕೆನ್ನೆ ಮೇಲೇರಿ ಅದನ್ನು ಕೆಡವುತ್ತದೆ. ರೂಸ್‌ವೆಲ್ಟರಿಗೋ ಹಲ್ಲೆಲ್ಲ ಕಾಣುವ ನಗುವೇ ಗುರುತು! ಕನ್ನಡಿಯೆದುರು ಅರ್ಧ ಗಂಟೆ ನಿಂತ ಮೇಲೆ ದಾರಿ ಸಿಕ್ಕಿತು: ತುಟಿ ಅಗಲಿಸಬೇಕು, ಕೆನ್ನೆ ಎತ್ತಬಾರದು.

ಮಾರ್ಚ್ 14ರಂದು ಫ್ಲಾರಿಡಾದ ಪೆಲಿಕನ್ (ಅಂದರೆ ಹೆಜ್ಜಾರ್ಲೆ) ದ್ವೀಪದ ವನ್ಯಜೀವಿ ಧಾಮದಲ್ಲಿ ನನ್ನದು ಇಪ್ಪತ್ತು ನಿಮಿಷದ ಏಕಪಾತ್ರಾಭಿನಯ. 1903ರಲ್ಲಿ ಅದೇ ದಿನ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಈ ಪುಟ್ಟ ದ್ವೀಪವನ್ನು ಹಕ್ಕಿಗಳಿಗೆ ಮೀಸಲಿಟ್ಟರು. ಹೆಂಗಸರ ಟೋಪಿಗೆ ಗರಿ ಬೇಕೆಂದು ಬೆಳ್ಳಕ್ಕಿಗಳನ್ನು ಗೂಡಿನಲ್ಲೇ ಕೊಲ್ಲುತ್ತಿದ್ದ ಕಾಲ ಅದು.

ಜನವರಿ ಕೊನೆ

1912ರ ಅವರ ಭಾಷಣದ ಧ್ವನಿಮುದ್ರಣಗಳನ್ನು ಕೇಳಿದೆ. ಗುಡುಗಿನಂಥ ದನಿಯಿರಬಹುದು ಎಂದುಕೊಂಡಿದ್ದೆ. ಅದು ತೆಳ್ಳಗಿನ ಏರುಶ್ರುತಿಯ ದನಿ; ಒಂದೊಂದು ಪದವನ್ನೂ ಕತ್ತರಿಸಿ ಇಟ್ಟಂತೆ. ಎರಡು ವಾರ ಗಂಟಲು ದಪ್ಪ ಮಾಡಿಕೊಂಡು ಕಲಿತದ್ದನ್ನೆಲ್ಲ ಬಿಟ್ಟೆ.

ಫೆಬ್ರವರಿ, ಮೊದಲ ವಾರ

ಮಾತಿನ ಪಠ್ಯ ತಿದ್ದಿದೆ. ದ್ವೀಪವನ್ನು ಮೀಸಲಿಡಲು ಯಾವುದಾದರೂ ಕಾನೂನು ಅಡ್ಡಿಯೇ ಎಂದು ಕೇಳಿ, ಇಲ್ಲವೆಂದೊಡನೆ ಘೋಷಿಸಿಬಿಟ್ಟರು ಎಂಬ ಕಥೆ ಎಲ್ಲರಿಗೂ ಪ್ರಿಯ. ಆದರೆ ಬಾಯಿಂದ ಬಾಯಿಗೆ ಬಂದದ್ದನ್ನು ಪಾತ್ರದ ಸ್ವಂತ ಮಾತಾಗಿಸಲು ಮನಸ್ಸು ಒಪ್ಪಲಿಲ್ಲ. ಆ ಜಾಗವನ್ನು ಪಾಲ್ ಕ್ರೋಗೆಲ್‌ಗೆ ಕೊಟ್ಟೆ. ಜರ್ಮನಿಯಿಂದ ಬಂದ ದೋಣಿ ಕಟ್ಟುವ ಮನುಷ್ಯ. ಸರ್ಕಾರ ಕಣ್ಣು ತೆರೆಯುವ ಮೊದಲೇ ಬಂದೂಕು ಹಿಡಿದು ದೋಣಿಯಲ್ಲಿ ಹೋಗಿ ಹೆಜ್ಜಾರ್ಲೆಗಳನ್ನು ಕಾಯುತ್ತಿದ್ದವರು. ಆಮೇಲೆ ಅಧಿಕೃತ ಕಾವಲುಗಾರರಾದರು. ಸಂಬಳ ತಿಂಗಳಿಗೆ ಒಂದು ಡಾಲರ್! ಅದನ್ನೂ ಕೊಟ್ಟದ್ದು ಪಕ್ಷಿತಜ್ಞರ ಸಂಘ. ಅಧ್ಯಕ್ಷರ ಸಹಿಯಷ್ಟೇ ತೂಕ ಈ ಒಂದು ಡಾಲರಿಗೂ ಇದೆ ಎಂದು ನಾನು ನಂಬುತ್ತೇನೆ.

ಫೆಬ್ರವರಿ, ಮೂರನೆಯ ವಾರ

ಸ್ನೇಹಿತರ ಮನೆಯಲ್ಲಿ ತಾಲೀಮು. ಅವರ ಮಗಳು ಕೈಯೆತ್ತಿ ಕೇಳಿದಳು: "ನೀವೇ ಬೇಟೆಗಾರರಲ್ಲವೇ? ಮತ್ತೆ ಪ್ರಾಣಿಗಳನ್ನು ಉಳಿಸುವ ಮಾತೇಕೆ?"

ನಾಲಿಗೆ ಒಣಗಿತು. ಆಫ್ರಿಕಾದ ಬೇಟೆಯ ಪ್ರಸ್ತಾಪ ತುಟಿಯವರೆಗೆ ಬಂತು, ಆದರೆ ಅದು ನಡೆದದ್ದು 1909ರಲ್ಲಿ. ನನ್ನ ಪಾತ್ರ ನಿಂತಿರುವುದು 1903ರಲ್ಲಿ. ಊರಿನ ತಾಳಮದ್ದಲೆ ನೆನಪಾಯಿತು. ಎದುರು ಅರ್ಥಧಾರಿ ಎಷ್ಟೇ ಕೆಣಕಲಿ, ಪ್ರಸಂಗದ ಗಡಿ ದಾಟದೆ, ಪಾತ್ರಕ್ಕೆ ಗೊತ್ತಿರುವುದರಲ್ಲೇ ಉತ್ತರ ಕೊಡಬೇಕು. ಆ ರಾತ್ರಿ ಹಾಗೆಯೇ ಬರೆದೆ: "1883ರಲ್ಲಿ ಡಕೋಟಾಕ್ಕೆ ಹೋದದ್ದು ಕಾಡೆಮ್ಮೆ ಹೊಡೆಯಲೆಂದೇ. ದಿನಗಟ್ಟಲೆ ಅಲೆದ ಮೇಲೆ ಒಂದು ಸಿಕ್ಕಿತು, ಹೊಡೆದೆ. ಹಿಂಡು ಹಿಂಡಾಗಿದ್ದವು ಎಲ್ಲಿ ಹೋದವು ಎಂಬ ಪ್ರಶ್ನೆ ಅಲ್ಲಿಂದ ನನ್ನ ಜೊತೆಗೇ ಬಂತು." ಬೇಟೆಯನ್ನು ಮುಚ್ಚಿಡುವುದಿಲ್ಲ, ಕ್ಷಮೆಯನ್ನೂ ಕೇಳಿಸುವುದಿಲ್ಲ. ಆ ಮನುಷ್ಯ ಎರಡೂ ಆಗಿದ್ದರು.

ಮಾರ್ಚ್, ಮೊದಲ ವಾರ

ಜಾಗ ನೋಡಿ ಬಂದೆ. ಮರದ ಹಾದಿಯ ಹಲಗೆಗಳಲ್ಲಿ ದೇಶದ ಒಂದೊಂದು ಧಾಮದ ಹೆಸರು ಕೊರೆದಿದ್ದಾರೆ. ಓದುತ್ತಾ ನಡೆದರೆ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಕೊನೆಯ ಅಟ್ಟಣೆಯಿಂದ ದ್ವೀಪ ಕಾಣುತ್ತದೆ. ಕಂದು ಹೆಜ್ಜಾರ್ಲೆಯೊಂದು ರೆಕ್ಕೆ ಮಡಿಸಿ ತಲೆಕೆಳಗಾಗಿ ನೀರಿಗೆ ಬಿತ್ತು. ಊರಿನ ಹೆಜ್ಜಾರ್ಲೆ ತೇಲುತ್ತಲೇ ಮೀನು ಹಿಡಿಯುತ್ತದೆ. ಇದರ ರಭಸಕ್ಕೆ ಬೆಚ್ಚಿದೆ.

ಜನರ ಮುಖ ದ್ವೀಪದ ಕಡೆಗಿರುವಂತೆ ನಿಲ್ಲುವ ಜಾಗ ಬದಲಿಸಿದ್ದೇನೆ. ಉಣ್ಣೆಯ ಕೋಟಿನ ಒಳಪದರ ಬಿಚ್ಚಿಸುವುದೊಂದು ಬಾಕಿ.