ಒಂದು ನಿಮಿಷದ ಆಡಿಯೋ, ಒಂದು ವಾರದ ಇಂಗ್ಲಿಷ್

ಇಂಗ್ಲಿಷ್ ಮನೆಮಾತಾಗಿರುವವರು ಅಕ್ಕಪಕ್ಕದಲ್ಲಿದ್ದರೆ ಅವರಿಂದ ಸಿಗುವುದು ಎರಡು: ಕೇಳಿ ಅನುಸರಿಸಲು ಒಂದು ಮಾದರಿ, ತಪ್ಪಿದಾಗ ತಿದ್ದುವ ಕಿವಿ. ಮಾದರಿ ಈಗ ಫೋನಿನಲ್ಲೇ ಬೇಕಾದಷ್ಟಿದೆ. ಶಿರಸಿಯಲ್ಲೋ ಸಿಂಧನೂರಿನಲ್ಲೋ ಕೂತು ಕಲಿಯುವವರಿಗೆ ನಿಜವಾದ ಕೊರತೆ ಎರಡನೆಯದು. ಗಂಟೆಗಟ್ಟಲೆ ಸಿನಿಮಾ ನೋಡಿದರೂ ಮಾತು ಸುಧಾರಿಸದಿರುವುದು ಇದಕ್ಕೇ. ಮೇಲಾಗಿ ಕಥೆ ಅರ್ಥವಾಗುತ್ತಿದ್ದಂತೆ ಕಿವಿ ಪದಗಳ ಮೇಲಿನ ಗಮನ ಬಿಟ್ಟುಬಿಡುತ್ತದೆ.

ಹಾಗಾಗಿ ತಿದ್ದುವ ಕಿವಿ ನಮ್ಮದೇ ಆಗಬೇಕು, ಅದಕ್ಕೆ ಆಡಿಯೋ ತುಣುಕು ಚಿಕ್ಕದಿರಲಿ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಆಡಿಯೋ ಸರಣಿ ಉಚಿತವಾಗಿ ಸಿಗುತ್ತದೆ, ಜೊತೆಗೆ ಮಾತಿನ ಬರಹವೂ ಇರುತ್ತದೆ. ಅದು ಅಕ್ಷರಶಃ ಬರಹವಲ್ಲ, ಒಂದೆರಡು ಪದ ಆಚೀಚೆ ಇದ್ದಾವು. ಅಂಥ ಕಡೆ ಕಿವಿಯನ್ನೇ ನಂಬಿ. ಅದರಿಂದ ಒಂದೇ ನಿಮಿಷದ ಭಾಗ ಆರಿಸಿಕೊಂಡು ಇಡೀ ವಾರ ಅದನ್ನೇ ಹಿಡಿಯಿರಿ.

ಮೊದಲ ದಿನ ಉಕ್ತಲೇಖನ. ಬರಹ ನೋಡದೆ ಒಂದೊಂದೇ ವಾಕ್ಯ ಕೇಳಿ ಬರೆಯಿರಿ. ಒಂದು ವಾಕ್ಯಕ್ಕೆ ಐದು ಸಲಕ್ಕಿಂತ ಹೆಚ್ಚು ಬೇಡ. ಆಮೇಲೆ ಕೆಂಪು ಪೆನ್ನಿನಿಂದ ತಿದ್ದಿ. ದೊಡ್ಡ ಪದಗಳು ಹೆಚ್ಚಾಗಿ ಸರಿಯಿರುತ್ತವೆ. ಬಿಟ್ಟುಹೋಗಿರುವುದು ‘ಎ’, ‘ದಿ’, ‘ಆಫ್’, ಕ್ರಿಯಾಪದದ ಕೊನೆಯ ‘ಎಡ್’, ‘ಎಸ್’ನಂಥ ಚೂರುಗಳು. ಇಂಗ್ಲಿಷರು ಇವನ್ನು ಅರ್ಧ ನುಂಗಿಯೇ ಆಡುತ್ತಾರೆ. ಕನ್ನಡದಲ್ಲಿ ‘ಎ’, ‘ದಿ’ಯಂಥ ಆರ್ಟಿಕಲ್ ಇಲ್ಲದ್ದರಿಂದ ನಮ್ಮ ಕಿವಿ ಅದಕ್ಕಾಗಿ ಕಾಯುವುದೂ ಇಲ್ಲ. ಕಿವಿಗೆ ಬೀಳದ್ದು ಬಾಯಿಗೆ ಬರುವುದಿಲ್ಲ.

ಎರಡನೆಯ ದಿನ ಬರಹದ ಮೇಲೆ ಒತ್ತು (ಸ್ಟ್ರೆಸ್) ಎಲ್ಲಿ ಬೀಳುತ್ತದೆಂದು ಗುರುತಿಸಿ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಅಳತೆ, ಇಂಗ್ಲಿಷಿನಲ್ಲಿ ಒತ್ತು ಬಿದ್ದ ಭಾಗ ಉಬ್ಬಿ, ಉಳಿದವು ಕುಗ್ಗುತ್ತವೆ. ‘ಫೋಟೋಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ. ‘ಫೋಟೋಗ್ರಾಫರ್’ ಆದಾಗ ಅದು ಮುಂದಕ್ಕೆ ಜಾರಿ ‘ಫ-ಟಾ-ಗ್ರ-ಫರ್’ ಎಂಬಂತೆ ಕೇಳುತ್ತದೆ. ‘ಹೋಟೆಲ್’ನಲ್ಲಿ ಒತ್ತು ‘ಟೆಲ್’ ಮೇಲೆ. ಹೊರದೇಶದವರಿಗೆ ನಮ್ಮ ಮಾತು ತಿಳಿಯದಿದ್ದಾಗ, ನನ್ನ ಪ್ರಕಾರ, ಮೊದಲು ನೋಡಬೇಕಾದ್ದು ಒತ್ತನ್ನು. ಬ್ರಿಟಿಷ್ ಅಥವಾ ಅಮೆರಿಕನ್ ಧಾಟಿ ನಟಿಸುವ ಅಗತ್ಯ ಏನೇನೂ ಇಲ್ಲ.

ಮುಂದಿನ ಎರಡು ದಿನ ಇಯರ್‌ಫೋನ್ ಒಂದೇ ಕಿವಿಗೆ ಹಾಕಿ, ಆಡಿಯೋದ ಬೆನ್ನಿಗೇ ಮಾತಾಡುತ್ತ ರೆಕಾರ್ಡ್ ಮಾಡಿ. ಓಟ ತಪ್ಪಿದರೆ ವೇಗವನ್ನು 0.75ಕ್ಕೆ ಇಳಿಸಿ. ಐದನೆಯ ದಿನ ಅವರದೊಂದು ವಾಕ್ಯ, ನಿಮ್ಮದೊಂದು ವಾಕ್ಯ ಹೀಗೆ ಜೋಡಿಯಾಗಿ ಕೇಳಿ. ಒಮ್ಮೆಗೆ ಒಂದೇ ದೋಷ ಹುಡುಕಬೇಕು, ಎಲ್ಲವನ್ನೂ ಒಟ್ಟಿಗೆ ಹುಡುಕಿದರೆ ಒಂದೂ ಸಿಗುವುದಿಲ್ಲ. ಕನ್ನಡಿಗರು ಇವುಗಳಿಂದ ಶುರುಮಾಡಬಹುದು: ಪದದ ಕೊನೆಗೆ ಸೇರುವ ಉಕಾರ (ಬಸ್ಸು, ಬುಕ್ಕು), ಆರಂಭದಲ್ಲಿ ನುಸುಳುವ ಯಕಾರ ವಕಾರ (ಯೆವೆರಿ, ವೋನ್ಲಿ), ಮತ್ತು ನಮ್ಮ ಒಂದೇ ‘ವ’. ‘ವೆಸ್ಟ್’ ಎಂದರೆ ಬನಿಯನ್ ಆದಾಗ ಕೆಳತುಟಿ ಮೇಲಿನ ಹಲ್ಲಿಗೆ ತಾಗಬೇಕು. ಪಶ್ಚಿಮ ದಿಕ್ಕು ಆದಾಗ ಹಲ್ಲು ತಾಗದೆ ತುಟಿ ದುಂಡಾಗಬೇಕು.

ಫೋನಿನ ವಾಯ್ಸ್ ಟೈಪಿಂಗ್ ಒಳ್ಳೆಯ ಪರೀಕ್ಷಕ, ಆದರೆ ಅದರಲ್ಲಿ ಒಂದು ಮೋಸವಿದೆ. ಪೂರ್ತಿ ವಾಕ್ಯ ಹೇಳಿದರೆ ಅದು ಸಂದರ್ಭದಿಂದ ಊಹಿಸಿ ಸರಿಯಾಗಿಯೇ ಬರೆದುಬಿಡುತ್ತದೆ. ಒಂಟಿ ಪದಗಳನ್ನು ಕೊಡಿ. ಕಿವಿ ಎಂಬರ್ಥದ ‘ಇಯರ್’ ಹೇಳಿದಾಗ ವರ್ಷ ಎಂಬರ್ಥದ ‘ಯಿಯರ್’ ಮೂಡಿತೇ ನೋಡಿ. ಭಾಷೆಯನ್ನು ಭಾರತದ ಇಂಗ್ಲಿಷ್ ಬಿಟ್ಟು ಬ್ರಿಟನ್ನಿನದಕ್ಕೆ ಬದಲಿಸಿಕೊಂಡರೆ ಪರೀಕ್ಷೆ ಇನ್ನೂ ಬಿಗಿ.

ಆರನೆಯ ದಿನ ಅದೇ ವಿಷಯವನ್ನು ನಿಮ್ಮ ಮಾತಿನಲ್ಲಿ ಒಂದು ನಿಮಿಷ ಹೇಳಿ, ರೆಕಾರ್ಡ್ ಮಾಡಿ, ಆಡಿದ್ದನ್ನು ಆಡಿದಂತೆಯೇ ಬರೆದುಕೊಳ್ಳಿ. ವ್ಯಾಕರಣದ ತಪ್ಪು ಕಾಗದದ ಮೇಲೆ ಬಂದಾಗಲೇ ಕಣ್ಣಿಗೆ ಬೀಳುವುದು, ಹಲವು ತಪ್ಪುಗಳ ಅಡಿಯಲ್ಲಿ ಕನ್ನಡವೇ ಕಾಣುವುದು. ‘ನಿನ್ನೆ ಹೋಗಿದ್ದೆ’ ಎಂಬುದು ‘ಯೆಸ್ಟರ್ಡೇ ಐ ಹ್ಯಾಡ್ ಗಾನ್’ ಆಗುತ್ತದೆ, ಅಲ್ಲಿ ‘ಐ ವೆಂಟ್’ ಸಾಕು. ‘ಅದರ ಬಗ್ಗೆ ಚರ್ಚಿಸು’ ಎಂಬುದರ ‘ಬಗ್ಗೆ’ ಹೋಗಿ ‘ಡಿಸ್ಕಸ್ ಅಬೌಟ್’ ಆಗುತ್ತದೆ, ‘ಅಬೌಟ್’ ಬೇಡವೇ ಬೇಡ. ‘ಅಲ್ಲೇ’ ಎಂಬುದರ ಏಕಾರ ‘ದೇರ್ ಓನ್ಲಿ’ ಆಗುತ್ತದೆ. ಇವಕ್ಕೊಂದು ನೋಟ್‌ಬುಕ್ ಇಡಿ, ಎಡಗಡೆ ಕನ್ನಡ, ಬಲಗಡೆ ಸರಿಯಾದ ಇಂಗ್ಲಿಷ್.

ಏಳನೆಯ ದಿನಕ್ಕೆ ಬಹಳ ಹಳೆಯ ಪಾಠವೊಂದಿದೆ. ಇಂಗ್ಲೆಂಡಿನ ರಾಣಿ ಮೊದಲ ಎಲಿಜಬೆತ್‌ಗೆ ಗುರುವಾಗಿದ್ದ ರೋಜರ್ ಆಸ್ಕಮ್ ಲ್ಯಾಟಿನ್ ಕಲಿಕೆಗೆ ಇದನ್ನು ಹೇಳಿದ್ದರು. 16ನೇ ಶತಮಾನದಲ್ಲಿ ಲ್ಯಾಟಿನ್ ಯಾವ ಜನಸಮುದಾಯದ ಮನೆಮಾತಾಗಿಯೂ ಉಳಿದಿರಲಿಲ್ಲ, ಆದರೂ ಜನ ಕಲಿತರು. ಎಂಟು ಹತ್ತು ಸಾಲಿನ ಇಂಗ್ಲಿಷ್ ಪ್ಯಾರಾವನ್ನು ಕನ್ನಡಕ್ಕೆ ಅನುವಾದಿಸಿ ಎತ್ತಿಡಿ. ಮೂಲ ಮರೆತಮೇಲೆ, ಎರಡು ಮೂರು ದಿನ ಬಿಟ್ಟು, ನಿಮ್ಮ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಂದು ಮೂಲದ ಜೊತೆ ಸಾಲು ಸಾಲು ಹೋಲಿಸಿ. ಅವತ್ತೇ ಮಾಡಿದರೆ ನೆನಪು ಬರೆಯುತ್ತದೆ, ಭಾಷೆ ಬರೆಯುವುದಿಲ್ಲ.

ಇನ್ನೊಬ್ಬ ಕನ್ನಡಿಗರ ಜೊತೆ ಸುಮ್ಮನೆ ಇಂಗ್ಲಿಷ್ ಹರಟಿದರೆ ಬಾಯಿ ಸಲೀಸಾಗುತ್ತದೆ, ಆದರೆ ಇಬ್ಬರ ತಪ್ಪೂ ಒಂದೇ ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಕೆಲಸ ಕೊಟ್ಟುಕೊಳ್ಳಿ. ಒಬ್ಬರ ಕೈಯಲ್ಲಿ ಚಿತ್ರ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ, ನಡುವೆ ಇಂಗ್ಲಿಷ್ ಮಾತ್ರ. ಮೂರು ನಿಮಿಷ ವಿವರಿಸಿ, ಕೇಳಿದವರು ಆ ಚಿತ್ರ ಬಿಡಿಸಲಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಬಾಗಿಲು ಎಡಕ್ಕಿರಬೇಕಾದದ್ದು ಬಲಕ್ಕೆ ಹೋಗಿದ್ದರೆ, ಯಾವ ವಾಕ್ಯದಲ್ಲಿ ಹಾಗಾಯಿತೆಂದು ಅಲ್ಲೇ ಕೂತು ಹುಡುಕಿ.