ಜುವಾಲಜಿ ಪೀರಿಯಡ್ಡಿನಲ್ಲಿ ಕಲಿತ ಸೈಕಾಲಜಿ

1999ರಲ್ಲಿ ಪಿಸಿಎಂಬಿ ತೆಗೆದುಕೊಂಡು ಈ ಕಾಲೇಜಿಗೆ ಸೇರಿದಾಗ, ಆರ್ಟ್ಸ್ ವಿಭಾಗದ ಕಾರಿಡಾರ್ ನಮಗೆ ಕ್ಯಾಂಟೀನಿಗೆ ಹೋಗುವ ಅಡ್ಡದಾರಿ, ಅಷ್ಟೇ. ಸೆಕೆಂಡ್ ಪಿಯುನಲ್ಲಿ ಜುವಾಲಜಿ ಸರ್ ಒಂದು ವಾರ ರಜೆ ಹಾಕಿದರು. ನಮ್ಮ ಗಲಾಟೆ ತಡೆಯಲಾರದೆ ಪ್ರಿನ್ಸಿಪಾಲರು ಸೈಕಾಲಜಿ ಮೇಡಂ ಅವರನ್ನು ತರಗತಿಗೆ ಕಳಿಸಿದರು.

ಮೇಡಂ ಅಟೆಂಡರ್ ಕೈಲಿ ಮೆಮೊರಿ ಡ್ರಮ್ ಎಂಬ, ನೆನಪು ಪರೀಕ್ಷಿಸುವ ಯಂತ್ರ ಹೊರಿಸಿಕೊಂಡೇ ಬಂದರು. ಅದರ ಕಿಂಡಿಯಲ್ಲಿ ಅರ್ಥವಿಲ್ಲದ ಪದಗಳು ಒಂದೊಂದಾಗಿ ಸರಿದುಹೋದವು, ಒಟ್ಟು ಹದಿನೈದು. 'ಈಗ ಬರೀರಿ' ಎಂದರು. ರ‍್ಯಾಂಕಿನ ಮೇಲೆ ಕಣ್ಣಿಟ್ಟಿದ್ದ ಹುಡುಗನೂ ಏಳು ದಾಟಲಿಲ್ಲ. ಹೆಚ್ಚಿನವರ ಹಾಳೆಯಲ್ಲಿ ಮೊದಲಿನ ಒಂದೆರಡು ಪದ, ಕೊನೆಯ ಒಂದೆರಡು ಪದ, ನಡುವೆ ಬಟಾಬಯಲು. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಇಂಥ ಪದಗಳನ್ನು ತಾನೇ ಉರುಹೊಡೆದು, ಮರೆವಿನ ಲೆಕ್ಕವನ್ನು 1885ರಲ್ಲೇ ಪ್ರಕಟಿಸಿದ್ದನಂತೆ.

'ಇದು ಸಿಇಟಿಗೆ ಬರುತ್ತಾ ಮೇಡಂ?' ಎಂದು ಕೇಳಿದವನು ನಾನೇ.

'ಬರಲ್ಲ ಕಣಪ್ಪ. ನಾಳೆ ನಿನ್ನ ಪೇಷಂಟ್ ಜೊತೆ ಬರುತ್ತೆ.'

ಮೈಸೂರಿನವರಾದ ಮೇಡಂಗೆ ತಮ್ಮ ವಿಷಯದ ಬಗ್ಗೆ ಒಂದು ಜಂಬವಿತ್ತು. 1935ರಲ್ಲಿ ಮನೆಯಲ್ಲೇ 'ಆಕಾಶವಾಣಿ' ಎಂಬ ರೇಡಿಯೊ ಕೇಂದ್ರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನ ಸೈಕಾಲಜಿ ಪ್ರೊಫೆಸರ್ ಎಂಬುದನ್ನು ಆ ವಾರದಲ್ಲಿ ಮೂರು ಸಲ ಹೇಳಿದರು.

ಪೇಷಂಟ್ ಬಂದದ್ದು ಏಳು ವರ್ಷದ ನಂತರ. ಆಗ ನಾನು ಹೌಸ್ ಸರ್ಜನ್. ನಂಜನಗೂಡು ಕಡೆಯ ರೈತರೊಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಹೇಳಿ, ಮಾತ್ರೆ, ಊಟ, ಕಾಲಿನ ಆರೈಕೆ, ಕಣ್ಣಿನ ಪರೀಕ್ಷೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಪ್ರತಿ ಮಾತಿಗೂ 'ಊಂ ಬುದ್ಧಿ' ಎಂದರು. ಹೊರಗೆ ಸಿಸ್ಟರ್ ವಿಚಾರಿಸಿದಾಗ ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು: 'ಸಕ್ಕರೆ ಕಾಯ್ಲೆ ಅಂದ್ರು ಕಣವ್ವ. ಆಮ್ಯಾಕೆ ಏನೇಳುದ್ರೋ, ಒಂದೂ ತಲೆಗೆ ಹೋಗ್ನಿಲ್ಲ.'

ಆಗ ಡ್ರಮ್ಮಿನ ಕಿಂಡಿ ನೆನಪಾಯಿತು. ಅಂದಿನಿಂದ ಮುಖ್ಯವಾದ ಒಂದು ಮಾತನ್ನು ಮೊದಲೇ ಹೇಳುತ್ತೇನೆ, ಏಳುವಾಗ ಅದನ್ನೇ ಮತ್ತೆ ಹೇಳುತ್ತೇನೆ. 'ಮನೆಗೆ ಹೋಗಿ ಯಜಮಾನರಿಗೆ ಏನಂತ ಹೇಳ್ತೀರಮ್ಮ?' ಎಂದು ಕೇಳದೆ ಯಾರನ್ನೂ ಕಳಿಸುವುದಿಲ್ಲ. ಉಳಿದದ್ದಕ್ಕೆಲ್ಲ ಮುಂದಿನ ಭೇಟಿ ಇದ್ದೇ ಇದೆ.

ಎರಡನೆಯ ಪಾಠಕ್ಕೆ ಬೆಲೆ ತೆತ್ತವನು ನಾನಲ್ಲ, ಒಬ್ಬ ಹುಡುಗ. ಸುಲಭವಾಗಿ ನೆನಪಿಗೆ ಬರುವುದೇ ಹೆಚ್ಚಾಗಿ ನಡೆಯುವುದು ಎಂದು ಮನಸ್ಸು ನಂಬಿಬಿಡುತ್ತದೆ ಎಂದು ಮೇಡಂ ಹೇಳಿದ್ದರು. ಟ್ವೆರ್ಸ್ಕಿ ಮತ್ತು ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಬರೆದ ವಿಷಯ ಅದು. ನಾನು ಎಂಡಿ ಓದುವಾಗ ಮಳೆಗಾಲದಲ್ಲಿ ವಾರ್ಡ್ ತುಂಬ ಡೆಂಗಿ. ಜ್ವರ, ಪ್ಲೇಟ್‌ಲೆಟ್ ಕಡಿಮೆ; ಈ ಹುಡುಗನಿಗೂ ಡೆಂಗಿಯೇ ಎಂದು ಬರೆದು, ಎರಡು ದಿನ ಡ್ರಿಪ್ ಹಾಕಿ ಮಲಗಿಸಿದೆ. ಮೂರನೆಯ ದಿನ ರೌಂಡ್ಸಿಗೆ ಬಂದ ಸೀನಿಯರ್ ಅವನ ತೋಳೆತ್ತಿದರು. ಕಂಕುಳಲ್ಲಿ ಬೀಡಿ ಸುಟ್ಟಂಥ ಕಪ್ಪು ಹೊಪ್ಪಳೆ. ಸ್ಕ್ರಬ್ ಟೈಫಸ್! ಸಣ್ಣ ಹುಳ ಕಚ್ಚಿ ಬರುವ ಜ್ವರ; ಆ ಹೊಪ್ಪಳೆ ಕಚ್ಚಿದ ಗುರುತು. ಡಾಕ್ಸಿಸೈಕ್ಲಿನ್ ಕೊಟ್ಟ ಮೇಲೆ ಜ್ವರ ಇಳಿಯಿತು. ತೋಳು ಎತ್ತಿ ನೋಡಬೇಕೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಪಕ್ಕದ ಹತ್ತು ಹಾಸಿಗೆಗಳು ನನ್ನ ಪರವಾಗಿ ಯೋಚಿಸಿಬಿಟ್ಟಿದ್ದವು.

ಸೈಕಾಲಜಿ ಎಂದರೆ ಹುಚ್ಚರ ವಿಷಯ ಎಂದುಕೊಂಡಿದ್ದೆ. ವೈದ್ಯನಾಗುವವನು ಮೊದಲು ಓದಬೇಕಾದದ್ದು ತನ್ನದೇ ತಲೆಯನ್ನು. ಅಮೆರಿಕದ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ 2015ರಿಂದ ನಾಲ್ಕು ವಿಭಾಗಗಳಲ್ಲಿ ಒಂದು ಮನಸ್ಸು, ಸಮಾಜ, ನಡವಳಿಕೆಗೆ ಮೀಸಲು. ನಮ್ಮ ನೀಟ್‌ನ 720 ಅಂಕಗಳಲ್ಲಿ ಅದಕ್ಕೆ ಒಂದೂ ಇಲ್ಲ. 2019ರಿಂದ ಎಂಬಿಬಿಎಸ್‌ನಲ್ಲಿ ರೋಗಿಯೊಡನೆ ಮಾತಾಡುವುದನ್ನೂ ಕಲಿಸುತ್ತಾರೆ, ಸಂತೋಷ. ಆದರೆ ಅಷ್ಟರಲ್ಲಿ ಹುಡುಗರು ಎರಡು ವರ್ಷ ಓಎಂಆರ್ ಗುಂಡಿ ತುಂಬಿಯೇ ಬಂದಿರುತ್ತಾರೆ.

ಪ್ರಿನ್ಸಿಪಾಲರಲ್ಲಿ ಒಂದು ಕೋರಿಕೆ. ವರ್ಷಕ್ಕೆ ನಾಲ್ಕು ಶನಿವಾರ ಸೈನ್ಸ್ ಹುಡುಗರನ್ನು ಆರ್ಟ್ಸ್ ಕಾರಿಡಾರಿಗೆ ಕಳಿಸಿ. ಆ ಡ್ರಮ್ ತುಕ್ಕು ಹಿಡಿದಿದ್ದರೆ ರಿಪೇರಿ ಖರ್ಚು ನನ್ನದು.